ಬಾಟಾನಗರದ ಅಡಿಗಲ್ಲು ಮತ್ತು ಕೈಬಿಟ್ಟುಹೋದ ಮಲತಮ್ಮ

ಮೊರಾವಿಯಾದ ಜ್ಲೀನ್ ಪಟ್ಟಣದ 21ನೇ ನಂಬರಿನ ಕಟ್ಟಡದಲ್ಲಿ ಒಂದು ಲಿಫ್ಟ್ ಇದೆ. ಉದ್ದ ಆರು ಮೀಟರ್, ಅಗಲ ಆರು ಮೀಟರ್. ಒಳಗೆ ಮೇಜು, ಟೆಲಿಫೋನು, ಕೈ ತೊಳೆಯುವ ಬೇಸಿನ್ನು. ಯಜಮಾನ ಕುರ್ಚಿ ಬಿಟ್ಟು ಏಳದೆಯೇ ಮಹಡಿಯಿಂದ ಮಹಡಿಗೆ ಹೋಗಿ ಬರಬಹುದಾದ ಕಚೇರಿ ಇದು. ಇದರ ಚಿತ್ರ ಹಾಕಿ, ಕೆಳಗೆ ‘ತೊಮಾಶ್ ಬಾಟಾನ ಲಿಫ್ಟ್ ಕಚೇರಿ’ ಎಂದು ಬರೆಯುವುದು ಉದ್ಯಮಿಗಳ ಯಶೋಗಾಥೆ ಬರೆಯುವವರಿಗೆ ರೂಢಿಯಾಗಿಬಿಟ್ಟಿದೆ. ವ್ಲಾದಿಮೀರ್ ಕಾರ್ಫೀಕ್ ರೂಪಿಸಿದ ಆ ಕಟ್ಟಡ ಮುಗಿದದ್ದು 1938ರಲ್ಲಿ. ಬಾಟಾ ಜೋಡು ಕಂಪನಿಯನ್ನು ಕಟ್ಟಿ ಬೆಳೆಸಿದ ತೊಮಾಶ್ 1932ರ ಜುಲೈ 12ರ ಬೆಳಿಗ್ಗೆ, ಮಂಜು ಕವಿದಿದ್ದ ಓತ್ರೊಕೊವಿತ್ಸೆಯಿಂದ ವಿಮಾನ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ, ಪೈಲಟ್ ಬ್ರೌಚೆಕ್‌ನೊಂದಿಗೆ ಸತ್ತಿದ್ದ. ಲಿಫ್ಟ್ ಮಾಡಿಸಿದವನು ಅವನ ನಂತರ ಕಂಪನಿ ನಡೆಸಿದ ಮಲತಮ್ಮ ಯಾನ್ ಆಂತೊನೀನ್ ಬಾಟಾ.

ಚಿತ್ರದ ಅಡಿಬರಹವೊಂದೇ ತಪ್ಪಾಗಿದ್ದರೆ ತಿದ್ದಿ ಸುಮ್ಮನಿರಬಹುದಿತ್ತು. ಇದೇ ತಪ್ಪು ನಮ್ಮ ದೇಶದ ಕಥೆಯೊಳಕ್ಕೂ ನುಗ್ಗಿದೆ. ‘ತೊಮಾಶ್ ಬಾಟಾ ಕಲ್ಕತ್ತೆಯ ಬಳಿ ಬಾಟಾನಗರ ಕಟ್ಟಿದ’ ಎಂಬ ವಾಕ್ಯ ಒಂದು ಬರಹದಿಂದ ಇನ್ನೊಂದಕ್ಕೆ ದಾಟುತ್ತ ಬಂದು ಈಗ ಪ್ರಶ್ನೆಗೇ ಸಿಗದಷ್ಟು ಗಟ್ಟಿಯಾಗಿದೆ. ಬಾಟಾ ನಮ್ಮ ದೇಶದ್ದೇ ಕಂಪನಿ ಎಂದು ನಂಬಿರುವವರು ಹೀಗೆ ಬರೆಯುವವರಿಗಿಂತ ಮುಗ್ಧರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಡಿ. ಭಾರತದ ಕಂಪನಿ ನೋಂದಣಿಯಾದದ್ದು 1931. ಹೂಗ್ಲಿ ದಂಡೆಯ ಕೊನ್ನಗರದಲ್ಲಿ ಸಣ್ಣ ಪ್ರಮಾಣದ ಕೆಲಸ ಶುರುವಾದದ್ದು 1932. ಬಾಟಾನಗರದ ಮೊದಲ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1934ರ ಜನವರಿ. ಸತ್ತು ಒಂದೂವರೆ ವರ್ಷವಾದವನು ಅಡಿಗಲ್ಲು ಹಾಕಲಾರ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಯೋಜನೆ ತೊಮಾಶ್‌ನದು, ಯಾನ್ ಬರೀ ಜಾರಿಗೆ ತಂದವನು. ಇದರಲ್ಲಿ ಅರ್ಧ ಸತ್ಯ ಇದೆ, ಒಪ್ಪುತ್ತೇನೆ. 1929ರ ಆರ್ಥಿಕ ಕುಸಿತದ ನಂತರ ದೇಶದೇಶಗಳು ಸುಂಕದ ಗೋಡೆ ಎಬ್ಬಿಸಿದಾಗ, ಜ್ಲೀನ್‌ನಿಂದ ಜೋಡು ಸಾಗಿಸುವ ಬದಲು ಗೋಡೆಯ ಆಚೆಗೇ ಕಾರ್ಖಾನೆ ಹಾಕುವ ನೀತಿ ತೊಮಾಶ್‌ನದೇ. ಯುಗೊಸ್ಲಾವಿಯಾದ ಬೊರೊವೊ ಅವನ ಕಾಲದ್ದು. ಸಾಯುವ ದಿನ ಅವನು ಹೊರಟಿದ್ದು ಸ್ವಿಟ್ಜರ್ಲೆಂಡಿನ ಮ್ಯೋಲಿನ್‌ಗೆ. 1931ರ ಕೊನೆಗೆ ವಿಮಾನದಲ್ಲಿ ಪೂರ್ವದೇಶಗಳಿಗೆ ಹೊರಟು ಭಾರತವನ್ನೂ ಕಂಡು ಹೋಗಿದ್ದ. ಆದರೆ ಕೊನ್ನಗರದ ಸಣ್ಣ ಘಟಕಕ್ಕೂ, ನಂಗಿ ಹಳ್ಳಿಯ ಬಯಲಲ್ಲಿ ಕಾರ್ಖಾನೆ, ಕೆಲಸಗಾರರ ಮನೆ ಎಲ್ಲ ಸೇರಿ ಒಂದು ಊರನ್ನೇ ಎಬ್ಬಿಸುವುದಕ್ಕೂ ನಡುವೆ ದೊಡ್ಡ ಅಂತರ ಇದೆ. ಆ ಅಂತರ ದಾಟಲು ಹಣ ಹೂಡಿದ ನಿರ್ಧಾರ ಯಾನ್‌ನ ಆಡಳಿತದ್ದು. ನೀತಿ ಅಣ್ಣನದು, ಊರು ತಮ್ಮನದು ಎಂದರೆ ಯಾರಿಗೂ ಅನ್ಯಾಯವಾಗದು. ಹಾಗೆ ಬರೆಯಲು ಯಾಕೆ ಇಷ್ಟು ಹಿಂಜರಿಕೆ?

ಕಾರಣ ಒಂದು ಕ್ರಯದಲ್ಲಿದೆ. 1931ರ ಮೇ 10ರಂದು ತೊಮಾಶ್ ತನ್ನ ಉದ್ಯಮವನ್ನು ಐದು ಕೋಟಿ ಕೊರೂನಾಗೆ ಯಾನ್‌ಗೆ ಮಾರಿದ ಎಂಬುದು ಒಂದು ಪಕ್ಷದ ವಾದ. ಒಪ್ಪಂದ ಬಾಯಿಮಾತಿನದು. ತೊಮಾಶ್ ಸತ್ತ ಮೇಲೆ ವಾರಸಾ ವ್ಯವಹಾರ ಇತ್ಯರ್ಥವಾದದ್ದು ಇದರ ಆಧಾರದ ಮೇಲೆಯೇ. ಎರಡನೆಯ ಮಹಾಯುದ್ಧ ಮುಗಿದ ಬಳಿಕ ತೊಮಾಶ್‌ನ ಮಗ (ಇವನ ಹೆಸರೂ ತೊಮಾಶ್, ಗೊಂದಲವಾಗದಿರಲಿ ಎಂದು ಮನೆಯವರು ಕರೆಯುತ್ತಿದ್ದಂತೆ ತೊಮೀಕ್ ಎನ್ನುತ್ತೇನೆ) ಮತ್ತು ಚಿಕ್ಕಪ್ಪನ ನಡುವೆ ಹಲವು ದೇಶಗಳ ನ್ಯಾಯಾಲಯಗಳಲ್ಲಿ ದಾವೆ ನಡೆಯಿತು. ಅಮೆರಿಕದ ಡೆಲವೇರ್ ನ್ಯಾಯಾಲಯದವರೆಗೂ ಹೋಯಿತು. 1960ರ ದಶಕದ ಆರಂಭದಲ್ಲಿ ರಾಜಿಯಾಗಿ, ಬ್ರೆಜಿಲ್‌ನಲ್ಲಿದ್ದ ಯಾನ್ ಹಕ್ಕು ಬಿಟ್ಟುಕೊಟ್ಟ.

ಕ್ರಯ ನಾಮಕಾವಸ್ತೆ ಎನ್ನುವವರು ಮೊದಲು ಎತ್ತುವ ಮಾತು ಬೆಲೆಯದು. ಅಂದಿನ ವಿನಿಮಯದಲ್ಲಿ ಐದು ಕೋಟಿ ಕೊರೂನಾ ಎಂದರೆ ಸುಮಾರು ಹದಿನೈದು ಲಕ್ಷ ಡಾಲರ್. 1,645 ಅಂಗಡಿ, 16,560 ನೌಕರರು ಎಂದು ಎಲ್ಲ ಕಡೆ ಉಲ್ಲೇಖವಾಗುವ ಉದ್ಯಮಕ್ಕೆ ಇದು ಅಗ್ಗವೇ. ಹಾಗೆಂದು ಅಗ್ಗದ ಕ್ರಯವೆಲ್ಲ ಸುಳ್ಳು ಕ್ರಯವಲ್ಲ. ಒಂದೇ ಮನೆಯವರ ನಡುವೆ ಆಸ್ತಿ ಕೈ ಬದಲಾಯಿಸುವಾಗ ಪೇಟೆಯ ಬೆಲೆ ಹೆಚ್ಚಾಗಿ ಮಾತಿಗೆ ಬರುವುದಿಲ್ಲ. ಅದರ ಜತೆಗೆ ಬರುವ ಸಾಲ, ಹೊಣೆ, ವಿಧವೆಯ ಜೀವನ ಎಲ್ಲ ಆ ಅಂಕಿಯೊಳಗೆ ಸೇರಿರುತ್ತವೆ. ಎರಡನೆಯ ಮಾತು, ಬಾಯಿಮಾತಿನ ಒಪ್ಪಂದವೆಂಬುದು. ಇದು ವಾರಸಾ ತೆರಿಗೆ ತಪ್ಪಿಸುವ ಉಪಾಯವೆಂಬ ಶಂಕೆಗೆ ಬಲವಿದೆ, ತಳ್ಳಿಹಾಕಲಾರೆ. ಆದರೆ ತೆರಿಗೆ ಉಳಿಸಲು ಮಾಡಿದ ವರ್ಗಾವಣೆಯೂ ವರ್ಗಾವಣೆಯೇ ಆಗಿರಬಹುದು. ಉದ್ದೇಶ ವಕ್ರವಾಗಿತ್ತೆಂದು ತೋರಿಸಿದ ಮಾತ್ರಕ್ಕೆ ಕ್ರಯ ನಡೆಯಲೇ ಇಲ್ಲವೆಂದು ಸಾಬೀತಾಗುವುದಿಲ್ಲ.

ಯಾನ್ ಪಕ್ಷದವರ ಮುಖ್ಯ ಅಸ್ತ್ರ ಮೌನ: 1932ರಲ್ಲಿ ಮನೆಯವರು ಯಾರೂ ತಕರಾರು ಮಾಡಲಿಲ್ಲವಲ್ಲ? ಈ ಅಸ್ತ್ರ ಮೊಂಡು. ತೊಮೀಕ್ ಹುಟ್ಟಿದ್ದು 1914ರ ಸೆಪ್ಟೆಂಬರ್ 17ರಂದು; ತಂದೆ ಸತ್ತಾಗ ಅವನಿಗೆ ಹದಿನೆಂಟೂ ತುಂಬಿರಲಿಲ್ಲ. ಜ್ಲೀನ್ ಸೇರಿದ್ದ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಪ್ರಾಪ್ತ ವಯಸ್ಸು 21. ಅಪ್ರಾಪ್ತನ ಮೌನವನ್ನು ಒಪ್ಪಿಗೆ ಎಂದು ಎಣಿಸುವುದು ಕಾನೂನಿಗೂ ಸಲ್ಲದು, ಇತಿಹಾಸಕ್ಕೂ ಸಲ್ಲದು. 1935ರಲ್ಲಿ ಪ್ರಾಪ್ತನಾದ ಮೇಲೂ ಅವನು ಸುಮ್ಮನಿದ್ದ ಎನ್ನಬಹುದು. ಚಿಕ್ಕಪ್ಪನ ಕಂಪನಿಯಲ್ಲಿ, ಚಿಕ್ಕಪ್ಪನ ಕೈಕೆಳಗೆ ದುಡಿಯುತ್ತಿದ್ದ ಹುಡುಗ ಇನ್ನೇನು ಮಾಡಬೇಕಿತ್ತು?

ಇಷ್ಟಕ್ಕೂ ನ್ಯಾಯಾಲಯಗಳ ಮುಂದಿದ್ದ ಪ್ರಶ್ನೆ ಷೇರು ಯಾರದೆಂಬುದು. ನಮ್ಮ ಪ್ರಶ್ನೆ 1932ರಿಂದ 1939ರವರೆಗೆ ಕಂಪನಿಯನ್ನು ನಡೆಸಿದವರು ಯಾರೆಂಬುದು. ಕ್ರಯ ಪೂರ್ತಿ ಸುಳ್ಳೆಂದೇ ಇಟ್ಟುಕೊಳ್ಳೋಣ. ಆಗಲೂ ಬಾಟಾನಗರ ಎದ್ದದ್ದು, ನೆದರ್ಲೆಂಡ್ಸಿನ ಬೆಸ್ಟ್‌ನಲ್ಲಿ ಕಾರ್ಖಾನೆ ಬಂದದ್ದು ಯಾನ್ ಚುಕ್ಕಾಣಿ ಹಿಡಿದಿದ್ದಾಗಲೇ. ಮಾಲಿಕತ್ವದ ಜಗಳವನ್ನು ಕರ್ತೃತ್ವದ ಮೇಲೆ ಹೊರಿಸಿದ್ದೇ ಮೂಲ ತಪ್ಪು. ಆ ತಪ್ಪು ಹಬ್ಬಿದ ಬಗೆಯನ್ನು ಪುಸ್ತಕಗಳ ವರ್ಷಗಳೇ ಹೇಳುತ್ತವೆ. ಆಂತೊನೀನ್ ತ್ಸೆಕೋಟಾ ಬರೆದ ತೊಮಾಶ್‌ನ ದೊಡ್ಡ ಜೀವನಚರಿತ್ರೆ 1968ರದು, ಎಂದರೆ ರಾಜಿಯಾದ ಮೇಲಿನದು. ಲೇಖಕ ಕಂಪನಿಯ ಪ್ರಚಾರ ವಿಭಾಗದಲ್ಲಿ ಬೆಳೆದವನು. ತೊಮೀಕ್‌ನ ಆತ್ಮಕಥೆ 1990ರದು. ಗೆದ್ದ ಪಕ್ಷದ ಮನೆಯಿಂದ ಬಂದ ಈ ಎರಡು ಪುಸ್ತಕಗಳನ್ನು ನಮ್ಮವರು ಮೂಲ ಆಕರವೆಂದು ಹಿಡಿದು ಕೂತರು. (ಜ್ಲೀನ್‌ನ ದಾಖಲೆಗಳನ್ನು ಸೋಸಿ ಜ಼್ಯಾಕರಿ ಡೊಲೆಶಲ್ ಅವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಬಂದ ಮೇಲೆ ಇದಕ್ಕೆ ನೆಪವೂ ಉಳಿದಿಲ್ಲ.)

ಯಾನ್‌ನ ಹೆಸರು ಕೆಟ್ಟಿದ್ದೂ ಇದಕ್ಕೆ ಅನುಕೂಲವಾಯಿತು. ಜರ್ಮನರು ದೇಶ ಆಕ್ರಮಿಸಿದ 1939ರಲ್ಲೇ ಅವನು ಅಮೆರಿಕಕ್ಕೆ ಹೋದ. ನಾತ್ಸಿಗಳ ವಿರುದ್ಧ ಬಹಿರಂಗವಾಗಿ ನಿಲ್ಲದ್ದರಿಂದ ಮಿತ್ರಪಕ್ಷದವರ ಕಪ್ಪುಪಟ್ಟಿಗೆ ಸೇರಿ, ಅಲ್ಲಿಂದ ಬ್ರೆಜಿಲ್ ಸೇರಿದ. 1945ರಲ್ಲಿ ಜ್ಲೀನ್‌ನ ಉದ್ಯಮ ರಾಷ್ಟ್ರೀಕರಣವಾಯಿತು. 1947ರಲ್ಲಿ ಗೈರುಹಾಜರಿಯಲ್ಲೇ ಅವನಿಗೆ ಹದಿನೈದು ವರ್ಷ ಸೆರೆವಾಸ ವಿಧಿಸಿದರು. 1939ರಲ್ಲಿ ಕೆನಡಾಕ್ಕೆ ಹೋಗಿ ಬಾಟಾವಾ ಊರು ಕಟ್ಟಿದ ತೊಮೀಕ್‌ಗೆ ಇಂಥ ಕಳಂಕವಿರಲಿಲ್ಲ. ಜಗತ್ತಿನಾದ್ಯಂತ ಹರಡಿದ್ದ ಕಂಪನಿಯನ್ನು ಅವನು ಟೊರಾಂಟೊದಿಂದ ನಡೆಸಿದ. ಪ್ರಾಗ್‌ನ ನ್ಯಾಯಾಲಯ 1947ರ ತೀರ್ಪನ್ನು ರದ್ದು ಮಾಡಿದ್ದು 2007ರಲ್ಲಿ, ಯಾನ್ ಸಾವ್ ಪೌಲೊದಲ್ಲಿ ಸತ್ತು ನಾಲ್ಕು ದಶಕ ಕಳೆದ ಮೇಲೆ.

ಆ ತೀರ್ಪಿನ ನಂತರ ಯಾನ್‌ನ ಅಭಿಮಾನಿಗಳು ಲೋಲಕವನ್ನು ಇನ್ನೊಂದು ತುದಿಗೆ ಎಳೆದಿದ್ದಾರೆ. ಅಣ್ಣ ಬಿಟ್ಟುಹೋದ ಹದಿನಾರು ಸಾವಿರ ಚಿಲ್ಲರೆ ನೌಕರರನ್ನು ತಮ್ಮ ಒಂದು ಲಕ್ಷಕ್ಕೂ ಮಿಗಿಲಾಗಿ ಬೆಳೆಸಿದ ಎಂಬುದು ಅವರ ಮೆಚ್ಚಿನ ಲೆಕ್ಕ. ನನ್ನ ಒಲವು ಯಾನ್ ಕಡೆಗೇ ಇದ್ದರೂ ಈ ಲೆಕ್ಕಕ್ಕೆ ಸಹಿ ಹಾಕಲಾರೆ, ಏಕೆಂದರೆ ಆ ಎರಡನೆಯ ಅಂಕಿ 1942ರದು. ಆ ಹೊತ್ತಿಗೆ ಯಾನ್ ಬ್ರೆಜಿಲ್‌ನಲ್ಲಿ ಬಾಟಾಟೂಬಾದಂಥ ಊರುಗಳನ್ನು ಕಟ್ಟಿಸುತ್ತಿದ್ದ. ಜ್ಲೀನ್ ಜರ್ಮನರ ಕೈಯಲ್ಲಿತ್ತು, ಅಲ್ಲಿನ ಕಾರ್ಖಾನೆಗಳು ಅವರ ಯುದ್ಧಕ್ಕೆ ದುಡಿಯುತ್ತಿದ್ದವು. ಅಣ್ಣ ಸತ್ತ ಮೇಲಿನದನ್ನು ಅಣ್ಣನ ಖಾತೆಗೆ ಬರೆದದ್ದು ತಪ್ಪಾದರೆ, ತಮ್ಮ ಊರು ಬಿಟ್ಟ ಮೇಲಿನದನ್ನು ತಮ್ಮನ ಖಾತೆಗೆ ಬರೆಯುವುದೂ ಅಷ್ಟೇ ತಪ್ಪು. ಲೆಕ್ಕವನ್ನು 1939ಕ್ಕೆ ನಿಲ್ಲಿಸಬೇಕು.