ಸೆಟ್ (ಇಂಗ್ಲಿಷ್ ಪದ)

ಸೆಟ್: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದಗಳಲ್ಲಿ ಒಂದು. ಮೂರೇ ಅಕ್ಷರಗಳ ಈ ಪದ ಕ್ರಿಯಾಪದ, ನಾಮಪದ, ವಿಶೇಷಣ ಮೂರೂ ಆಗಿ ಬಳಕೆಯಲ್ಲಿದೆ. 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ಉದ್ದದ ನಮೂದು ಈ ಕ್ರಿಯಾಪದದ್ದು. ಅದರಡಿ 430 ಅರ್ಥಗಳಿವೆ. ಮೂರನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಇದನ್ನು ಹಿಂದಿಕ್ಕಿತು.

ವ್ಯುತ್ಪತ್ತಿ

ಈ ಪದಕ್ಕೆ ಎರಡು ಮೂಲಗಳಿವೆ. ಕ್ರಿಯಾಪದ ಬಂದಿರುವುದು ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದರಿಂದ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ಕನ್ನಡ ‘ಇಸು’ ಪ್ರತ್ಯಯ ಹಚ್ಚಿ ಮಾಡುವ ಪ್ರೇರಣಾರ್ಥಕವನ್ನು ಇಲ್ಲಿ ಸ್ವರದ ವ್ಯತ್ಯಾಸವೇ ತೋರಿಸುತ್ತದೆ. ಸಂಸ್ಕೃತದ ‘ಸದ್’ ಧಾತು ಇದೇ ಇಂಡೋ-ಯುರೋಪಿಯನ್ ಬೇರಿನದು. ಹಾಗಾಗಿ ಕನ್ನಡದಲ್ಲಿ ನೆಲೆಸಿರುವ ಸದನ, ಪರಿಷತ್ತು, ಉಪನಿಷತ್ತು ಎಂಬ ಪದಗಳು ‘ಸೆಟ್’ನ ದೂರದ ನೆಂಟರು.

ಗುಂಪು ಎಂಬ ಅರ್ಥದ ನಾಮಪದದ ಹಿಂದೆ ಲ್ಯಾಟಿನ್ನಿನ ‘ಸೆಕ್ಟ’ ಇದೆ. ಒಬ್ಬನನ್ನು ಹಿಂಬಾಲಿಸುವವರ ಪಂಥ ಎಂಬುದು ಅದರ ಅರ್ಥ. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ಜೊತೆಗಿರುವವನು ಎಂಬ ಅರ್ಥದ ‘ಸಚಿವ’ ಪದ ಈ ಕುಲಕ್ಕೆ ಸೇರಿದ್ದು. ಉಚ್ಚಾರಣೆ ಒಂದೇ ಆದದ್ದರಿಂದ ಎರಡು ಪದಗಳೂ ಕ್ರಮೇಣ ಬೆರೆತುಹೋದವು. ಅರ್ಥಗಳು ಇಷ್ಟೊಂದು ಕವಲೊಡೆಯಲು ಈ ಬೆರಕೆ ಒಂದು ಕಾರಣ.

ಕ್ರಿಯಾಪದವಾಗಿ

ಭೂತಕಾಲದಲ್ಲೂ ಇದರ ರೂಪ ಬದಲಾಗದು. ಕೆಲವೆಡೆ ಕನ್ನಡ ಇದರ ಮೂಲಾರ್ಥವನ್ನೇ ಹಿಡಿಯುತ್ತದೆ: ಉಂಗುರಕ್ಕೆ ಹರಳು ಕೂರಿಸುತ್ತಾರೆ, ಮುರಿದ ಮೂಳೆ ಕೂರಿಸುತ್ತಾರೆ. ಉಳಿದೆಡೆ ಒಂದೊಂದು ಅರ್ಥಕ್ಕೂ ಬೇರೆ ಕ್ರಿಯಾಪದ ಬೇಕು. ಸೂರ್ಯ ಮುಳುಗುತ್ತಾನೆ, ಸಿಮೆಂಟ್ ಗಟ್ಟಿಯಾಗುತ್ತದೆ, ಅಲಾರಂ ಇಡುತ್ತೇವೆ, ಬೆಂಕಿ ಹಚ್ಚುತ್ತೇವೆ, ಪ್ರಶ್ನೆಪತ್ರಿಕೆ ತಯಾರಿಸುತ್ತೇವೆ, ಹಳೆಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಈ ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಒಂದೇ ಸಾಕು. ‘ಸೆಟ್ ಅಸೈಡ್’ ಎಂದರೆ ಸಾಮಾನ್ಯವಾಗಿ ಬದಿಗಿಡು. ಮೇಲಿನ ನ್ಯಾಯಾಲಯ ಕೆಳಗಿನ ನ್ಯಾಯಾಲಯದ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದರೆ ಆ ಆದೇಶ ರದ್ದಾಯಿತೆಂದೇ ಅರ್ಥ. ಅನುವಾದಕರು ಇಲ್ಲಿ ಎಚ್ಚರ ತಪ್ಪಬಾರದು.

ನಾಮಪದವಾಗಿ

ಗಣಿತ: ಜರ್ಮನ್ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ 1874ರ ಪ್ರಬಂಧದಿಂದ ಮೊದಲುಗೊಂಡು ಬೆಳೆಸಿದ ಸಿದ್ಧಾಂತದಲ್ಲಿ ಸೆಟ್ ಎಂದರೆ ಸ್ಪಷ್ಟವಾಗಿ ಗುರುತಿಸಬಹುದಾದ ವಸ್ತುಗಳ ಸಮೂಹ. ಕ್ಯಾಂಟರ್ ಬಳಸಿದ ಜರ್ಮನ್ ಪದ ‘ಮೆಂಗೆ’. ಕನ್ನಡ ಪಠ್ಯಪುಸ್ತಕಗಳು ಇದನ್ನು ‘ಗಣ’ ಎನ್ನುತ್ತವೆ. ಛಂದಸ್ಸಿನಲ್ಲಿ ಮೊದಲೇ ಪರಿಚಿತವಾಗಿದ್ದ ಪದಕ್ಕೆ ಸಿಕ್ಕ ಸೊಗಸಾದ ಹೊಸ ಕೆಲಸವಿದು.

ಕ್ರೀಡೆ: ಟೆನಿಸ್‌ನಲ್ಲಿ ಕನಿಷ್ಠ ಎರಡು ಗೇಮ್‌ಗಳ ಮುನ್ನಡೆಯೊಂದಿಗೆ ಆರು ಗೇಮ್ ಗೆದ್ದವರಿಗೆ ಸೆಟ್ ದಕ್ಕುತ್ತದೆ, 6–6ರ ಸಮಬಲವಾದರೆ ಟೈಬ್ರೇಕ್. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್, ನಿಕೋಲಾಸ್ ಮಾಹೂ ಅವರನ್ನು ಕೊನೆಯ ಸೆಟ್‌ನಲ್ಲಿ 70–68ರಿಂದ ಸೋಲಿಸಿದರು. ಆಗ ಅಲ್ಲಿ ಕೊನೆಯ ಸೆಟ್‌ಗೆ ಟೈಬ್ರೇಕ್ ಇರಲಿಲ್ಲ. ವಾಲಿಬಾಲ್‌ನಲ್ಲಿ ಸೆಟ್ 25 ಅಂಕಗಳದು, ನಿರ್ಣಾಯಕ ಐದನೆಯದು 15ರದು.

ರಂಗಭೂಮಿ, ಸಿನಿಮಾ: ಕಥೆ ನಡೆಯುವ ಜಾಗವನ್ನು ತೋರಿಸಲು ಕಟ್ಟುವ ಮನೆ, ಬೀದಿ, ಅರಮನೆ.

ಕನ್ನಡದಲ್ಲಿ

ಕನ್ನಡಿಗರು ಎರಡೂ ಕವಲುಗಳನ್ನು ಬರಮಾಡಿಕೊಂಡಿದ್ದಾರೆ. ಮೋಟರು, ಪಂಪು ಜೊತೆಗೂಡಿದರೆ ಪಂಪ್‌ಸೆಟ್; ಅದೇ ರೈತರ ಮತ್ತು ವಿದ್ಯುತ್ ಇಲಾಖೆಯವರ ಬಾಯಲ್ಲಿ ‘ಐಪಿ (ಇರಿಗೇಷನ್ ಪಂಪ್) ಸೆಟ್’. ಮೆತ್ತಗಿನ, ತುಸು ದಪ್ಪನೆಯ ಚಿಕ್ಕ ದೋಸೆಗಳನ್ನು ಸಾಮಾನ್ಯವಾಗಿ ಮೂರರಂತೆ ಒಂದೇ ತಟ್ಟೆಯಲ್ಲಿ ಸಾಗು, ಚಟ್ನಿಯೊಂದಿಗೆ ಕೊಟ್ಟರೆ ಸೆಟ್ ದೋಸೆ. ಇವು ಗುಂಪಿನ ಅರ್ಥದವು. ಕ್ರಿಯೆಯ ಅರ್ಥ ಬೇಕಾದಾಗ ಕನ್ನಡ ‘ಆಗು’, ‘ಮಾಡು’ಗಳನ್ನು ಸೇರಿಸುತ್ತದೆ: ‘ಟೈಮ್ ಸೆಟ್ ಮಾಡು’, ‘ಕೆಲಸ ಸೆಟ್ ಆಯ್ತು’. ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎಂದರೆ ಹೊಂದಾಣಿಕೆ ಇಲ್ಲವೆಂದು. ಹೊಂದಿಕೆ ಎಂಬ ಈ ಅರ್ಥದಲ್ಲಿ ಸರಿಯಾಗಿ ಕೂರುವುದೂ ಇದೆ, ಜೊತೆಯಾಗಿರುವುದೂ ಇದೆ. ಪದದ ಎರಡು ಬೇರುಗಳೂ ಇಲ್ಲಿ ಒಂದೇ ಮಾತಿನಲ್ಲಿ ಸೇರಿವೆ.