ಹಿಂಪುಟದ ಪತ್ರಗಳು: ಅಮೆರಿಕದ ಕಾಮಿಕ್ಸ್ ಓದುಗರು, ಬರಹಗಾರರು

ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಓದುಗರ ಪತ್ರಗಳ ಅಂಕಣ ಬೇರೂರಲು ಅಂಚೆ ಇಲಾಖೆಯ ನಿಯಮವೂ ಒಂದು ಕಾರಣ. ನಿಯತಕಾಲಿಕಗಳಿಗಿದ್ದ ರಿಯಾಯಿತಿ ದರದಲ್ಲಿ ಚಂದಾದಾರರಿಗೆ ಸಂಚಿಕೆ ಕಳಿಸಬೇಕಾದರೆ ಚಿತ್ರಗಳ ಜೊತೆಗೆ ಎರಡು ಪುಟವಾದರೂ ಬರಹ ಇರಬೇಕಿತ್ತು. 1940ರ ದಶಕದಲ್ಲಿ ಪ್ರಕಾಶಕರು ಆ ಪುಟಗಳನ್ನು ಪುಟ್ಟ ಕಥೆಗಳಿಂದ ತುಂಬಿಸುತ್ತಿದ್ದರು; ಬಹುಪಾಲು ಮಕ್ಕಳು ಅವನ್ನು ಓದದೆ ಪುಟ ತಿರುವುತ್ತಿದ್ದರು. ಮುಂದೆ ಮಾರ್ವೆಲ್ ಸಂಸ್ಥೆಯ ಮುಖವಾದ ಸ್ಟ್ಯಾನ್ ಲೀ ಕಾಮಿಕ್ಸ್‌ನಲ್ಲಿ ಮೊದಲು ಬರೆದದ್ದೂ ಇಂಥದೇ ಒಂದು ಪುಟ ಭರ್ತಿಯ ಕಥೆಯನ್ನು, 1941ರ 'ಕ್ಯಾಪ್ಟನ್ ಅಮೆರಿಕ'ದ ಮೂರನೇ ಸಂಚಿಕೆಗೆ. ಕಥೆಯ ಬದಲು ಪತ್ರಗಳನ್ನು ಹಾಕಿದರೆ ನಿಯಮವೂ ಪಾಲನೆಯಾಗುತ್ತಿತ್ತು, ಸಂಭಾವನೆಯೂ ಉಳಿಯುತ್ತಿತ್ತು. ಕಾಸು ಉಳಿಸುವ ಈ ಏರ್ಪಾಡೇ ಕಾಲಕ್ರಮದಲ್ಲಿ ಬರಹಗಾರರ ಹೆಸರುಗಳನ್ನು ಹೊರಗೆಳೆಯಿತು.

ಅಂದಿನ ಕಾಮಿಕ್ಸ್ ಬರಹಗಾರರಲ್ಲಿ ಹೆಚ್ಚಿನವರು ಅನಾಮಧೇಯರು. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಆ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಮುಂದೆ ದಾವೆ ಹೂಡಿದ ಮೇಲೆ ಅವರ ಹೆಸರೂ ಪುಟದಿಂದ ಮರೆಯಾಯಿತು. ಡೊನಾಲ್ಡ್ ಡಕ್ ಕಥೆಗಳ ಮೇಲೆ ಇರುತ್ತಿದ್ದುದು ವಾಲ್ಟ್ ಡಿಸ್ನಿಯ ಹೆಸರು ಮಾತ್ರ. ಆದರೆ ಒಂದೇ ಸಂಚಿಕೆಯ ಬಾತುಕೋಳಿ ಕಥೆಗಳಲ್ಲಿ ಒಬ್ಬನ ಕೈ ಬೇರೆಯವರದಕ್ಕಿಂತ ಮೇಲೆಂದು ಮಕ್ಕಳು ಗುರುತಿಸಿದ್ದರು. ಹೆಸರು ತಿಳಿಯದ ಕಾರಣ ಅವನನ್ನು 'ಒಳ್ಳೆಯ ಬಾತುಕೋಳಿ ಚಿತ್ರಕಾರ' ಎಂದೇ ಕರೆಯುತ್ತಿದ್ದರು. ಅವರು ಕಾರ್ಲ್ ಬಾರ್ಕ್ಸ್. ಕಥೆ, ಚಿತ್ರ ಎರಡೂ ಅವರದೇ. 1947ರಲ್ಲಿ ಅಂಕಲ್ ಸ್ಕ್ರೂಜ್ ಪಾತ್ರವನ್ನು ಹುಟ್ಟಿಸಿದವರೂ ಅವರೇ. ಅಭಿಮಾನಿಯೊಬ್ಬರ ಪತ್ರ ಬಾರ್ಕ್ಸ್ ಮನೆಗೆ ಮೊದಲು ತಲುಪಿದ್ದು 1960ರಲ್ಲಿ. ಯಾರೋ ಗೆಳೆಯರ ಚೇಷ್ಟೆ ಇರಬೇಕೆಂದು ಅವರು ಮೊದಲು ಶಂಕಿಸಿದರಂತೆ.

ಪತ್ರ ಬರೆದು ವಾದಿಸುವ ಚಾಳಿ ಕಾಮಿಕ್ಸ್‌ಗೆ ಬಂದದ್ದು ವೈಜ್ಞಾನಿಕ ಕಥೆಗಳ ಲೋಕದಿಂದ. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಓದುಗರ ಪತ್ರಗಳನ್ನು ವಿಳಾಸದೊಂದಿಗೆ ಪ್ರಕಟಿಸುತ್ತಿತ್ತು. ವಿಳಾಸ ನೋಡಿ ಓದುಗರು ಪರಸ್ಪರ ಬರೆದುಕೊಂಡರು, ಸ್ವಂತ ಪತ್ರಿಕೆಗಳನ್ನೂ ತಂದರು. 1932ರಲ್ಲಿ ಅಂಥದೊಂದು ಪತ್ರಿಕೆ ಹೊರಡಿಸಿದ ಹುಡುಗರಲ್ಲಿ ಜೂಲಿಯಸ್ ಶ್ವಾರ್ಟ್ಜ್ ಒಬ್ಬರು. 1950ರ ದಶಕದ ಆರಂಭದಲ್ಲಿ ಇಸಿ ಕಾಮಿಕ್ಸ್ ಕೂಡ ಪತ್ರಗಳಿಗೆ ಜಾಗ ಕೊಟ್ಟು, ಅಭಿಮಾನಿ ಸಂಘವನ್ನೇ ಕಟ್ಟಿತ್ತು. ಕಥೆಗಳ ವಸ್ತುವಿಗೆ ಕಡಿವಾಣ ಹಾಕಿದ 1954ರ ಕಾಮಿಕ್ಸ್ ಸಂಹಿತೆ ಬಂದ ಮೇಲೆ ಆ ಸಂಸ್ಥೆಯ ಭಯಾನಕ ಕಥೆಗಳೊಂದಿಗೆ ಆ ಗಲಾಟೆಯೂ ಅಡಗಿತು.

ಡಿಸಿ ಸಂಸ್ಥೆಯ ಸಂಪಾದಕರಾಗಿದ್ದ ಶ್ವಾರ್ಟ್ಜ್, ತಾವು ಹುಡುಗರಾಗಿದ್ದಾಗ ಕಂಡ ಪದ್ಧತಿಯನ್ನು 1961ರ ಹೊತ್ತಿಗೆ ಮತ್ತೆ ತಂದರು: ಪತ್ರದ ಕೆಳಗೆ ಪೂರ್ಣ ವಿಳಾಸ. ನಾಲ್ಕು ಸೆಂಟಿನ ಅಂಚೆಚೀಟಿ ಹಚ್ಚಿದರೆ ಇನ್ನೊಂದು ರಾಜ್ಯದ ಓದುಗನೊಡನೆ ಜಗಳ ಕಾಯಬಹುದಿತ್ತು. ಒಳ್ಳೆಯ ಪತ್ರಕ್ಕೆ ಅವರು ಕಥೆಯ ಮೂಲ ಹಸ್ತಪ್ರತಿಯನ್ನೋ ಚಿತ್ರದ ಮೂಲ ಹಾಳೆಯನ್ನೋ ಬಹುಮಾನವಾಗಿ ಕಳಿಸುತ್ತಿದ್ದರು. ಕಚೇರಿಗಳು ಆ ಹಾಳೆಗಳನ್ನು ರದ್ದಿಯೆಂದು ಕಾಣುತ್ತಿದ್ದ ಕಾಲವದು. ಡೆಟ್ರಾಯಿಟಿನ ಪ್ರಾಧ್ಯಾಪಕ ಜೆರ‍್ರಿ ಬೇಲ್ಸ್ ಮತ್ತು ಮಿಸೌರಿಯ ರಾಯ್ ಥಾಮಸ್ ಒಬ್ಬರಿಗೊಬ್ಬರು ಪರಿಚಯವಾದದ್ದು ಶ್ವಾರ್ಟ್ಜ್ ಮತ್ತು ಬರಹಗಾರ ಗಾರ್ಡನರ್ ಫಾಕ್ಸ್ ಅವರಿಗೆ ಬರೆದ ಪತ್ರಗಳ ಮೂಲಕ. 1961ರಲ್ಲಿ ಬೇಲ್ಸ್ ಆರಂಭಿಸಿದ 'ಆಲ್ಟರ್ ಈಗೋ' ಪತ್ರಿಕೆ ಈ ಬಗೆಯ ಓದುಗರ ಚಾವಡಿಯಾಯಿತು. ಯಾವ ಕಥೆ ಫಾಕ್ಸ್‌ರದು, ಯಾವುದು ಜಾನ್ ಬ್ರೂಮ್‌ರದು ಎಂಬ ಊಹಾಪೋಹ ಪತ್ರಗಳಲ್ಲಿ ನಡೆಯುತ್ತಲೇ ಇತ್ತು, ಶ್ವಾರ್ಟ್ಜ್ ಅಂಕಣದಲ್ಲೇ ಹೆಸರು ಹೇಳತೊಡಗಿದರು.

ಈ ಕುತೂಹಲದ ಅತಿ ದೊಡ್ಡ ಫಲ ಬಿಲ್ ಫಿಂಗರ್ ಪ್ರಕರಣ. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ನ ಮೊದಲ ಕಥೆ ಬರೆದವರು, ಅವನ ಮುಖವಾಡಕ್ಕೂ ಉಡುಪಿಗೂ ರೂಪ ಸೂಚಿಸಿದವರು, ಗಾಥಮ್ ನಗರಕ್ಕೆ ಆ ಹೆಸರಿಟ್ಟವರು ಫಿಂಗರ್. ಆದರೆ ಒಪ್ಪಂದದ ಬಲದಿಂದ ಪುಟದ ಮೇಲೆ ನಿಂತದ್ದು ಚಿತ್ರಕಾರ ಬಾಬ್ ಕೇನ್ ಹೆಸರೊಂದೇ. 1965ರಲ್ಲಿ ನ್ಯೂಯಾರ್ಕಿನ ಅಭಿಮಾನಿಗಳ ಸಮಾವೇಶದಲ್ಲಿ ಫಿಂಗರ್ ತಮ್ಮ ಪಾಲನ್ನು ಹೇಳಿಕೊಂಡರು. ಬೇಲ್ಸ್ ಅದನ್ನು ಲೇಖನವಾಗಿ ಬರೆದು ಅಭಿಮಾನಿಗಳಲ್ಲಿ ಹಂಚಿದರು. ಕೆರಳಿದ ಕೇನ್ ಅಭಿಮಾನಿ ಪತ್ರಿಕೆಯೊಂದಕ್ಕೆ ಉದ್ದದ ಪತ್ರ ಬರೆದು ಎಲ್ಲವನ್ನೂ ಅಲ್ಲಗಳೆದರು. ನಿಜಕ್ಕೆ ಹತ್ತಿರವಿದ್ದದ್ದು ಬೇಲ್ಸ್ ಅವರ ಲೇಖನ. ಫಿಂಗರ್ 1974ರಲ್ಲಿ ತೀರಿಕೊಂಡರು. ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಕೇನ್ 1989ರ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಸಹಸೃಷ್ಟಿಕರ್ತನೆಂಬ ಅಧಿಕೃತ ಉಲ್ಲೇಖ ದಕ್ಕಲು 2015 ಬರಬೇಕಾಯಿತು.

ಮಾರ್ವೆಲ್‌ನ ದಾರಿ ಬೇರೆ. 'ಫೆಂಟಾಸ್ಟಿಕ್ ಫೋರ್' ಮೂರನೇ ಸಂಚಿಕೆಯಲ್ಲಿ, 1962ರಲ್ಲಿ, ಪತ್ರಾಂಕಣ ಶುರುವಾದಾಗ ಪತ್ರಗಳಿಗೇ ಬರವಿತ್ತು. ಅಚ್ಚಾದ ಒಂದು ಪತ್ರದ ಕೆಳಗಿದ್ದದ್ದು ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಎಸ್. ಬ್ರಾಡ್‌ಸ್ಕಿಯ ಹೆಸರು. ಸ್ವಲ್ಪ ಕಾಲದಲ್ಲೇ ಪತ್ರಗಳು ರಾಶಿ ಬಿದ್ದವು. 'ಮಾನ್ಯ ಸಂಪಾದಕರೇ' ಬೇಡ, ತಮ್ಮನ್ನೂ ಚಿತ್ರಕಾರ ಜ್ಯಾಕ್ ಕರ್ಬಿಯನ್ನೂ ಸ್ಟ್ಯಾನ್, ಜ್ಯಾಕ್ ಎಂದೇ ಕರೆಯಿರಿ ಎಂದು ಲೀ ಓದುಗರಿಗೆ ಸಲಿಗೆ ಕೊಟ್ಟರು. ಕಥೆಯಲ್ಲಿ ತಪ್ಪು ಹುಡುಕಿದವರಿಗೆ 'ನೋ-ಪ್ರೈಜ್' ಎಂಬ ಬಹುಮಾನ: ಅಂಚೆಯಲ್ಲಿ ಬರುತ್ತಿದ್ದುದು ಅಭಿನಂದನೆ ಮುದ್ರಿಸಿದ ಖಾಲಿ ಲಕೋಟೆ. ಒಳಗೆ ಏನೂ ಇರಲಿಲ್ಲವೆಂದು ದೂರಿ ಮತ್ತೆ ಪತ್ರ ಬರೆದವರೂ ಇದ್ದರು.

ಮಾರ್ವೆಲ್ ಕಥೆಯ ಮೊದಲ ಪುಟದಲ್ಲಿ ಬರಹಗಾರ, ಚಿತ್ರಕಾರರಿಂದ ಹಿಡಿದು ಅಕ್ಷರ ಬರೆದವನವರೆಗೆ ಎಲ್ಲರ ಹೆಸರೂ ಇರುತ್ತಿತ್ತು. ಅದರಿಂದ ಹೊಸ ಜಗಳವೇ ಹುಟ್ಟಿತು. ಲೀ ಕಥೆಯ ಎಳೆ ಹೇಳುವುದು, ಚಿತ್ರಕಾರ ಅದನ್ನು ಪುಟಗಳಾಗಿ ಬೆಳೆಸುವುದು, ಆಮೇಲೆ ಲೀ ಮಾತು ತುಂಬುವುದು ಅಲ್ಲಿನ ರೂಢಿ. ಹಾಗಿದ್ದ ಮೇಲೆ ಬರಹಗಾರನೆಂದು ಕರೆಯಬೇಕಾದದ್ದು ಯಾರನ್ನು? ಚಿತ್ರಕಾರ ಸ್ಟೀವ್ ಡಿಟ್ಕೊ 1966ರಲ್ಲಿ ಮಾರ್ವೆಲ್ ಬಿಟ್ಟರು, ಜ್ಯಾಕ್ ಕರ್ಬಿ 1970ರಲ್ಲಿ ಡಿಸಿಗೆ ಹೋದರು. ಅಭಿಮಾನಿಗಳು ಅಂದಿನಿಂದ ಲೀ ಪಕ್ಷ, ಕರ್ಬಿ ಪಕ್ಷವೆಂದು ಹೋಳಾಗಿದ್ದಾರೆ. ಈ ವ್ಯಾಜ್ಯದಲ್ಲಿ ಪತ್ರಾಂಕಣದ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ. ಪತ್ರಗಳನ್ನು ಆರಿಸಿ ಉತ್ತರ ಕೊಡುವ ಕೆಲಸ ಲೀಯವರ ಕೈಯಲ್ಲೇ ಇತ್ತು.

ಪತ್ರ ಬರೆದವರಲ್ಲಿ ಕೆಲವರು ವೃತ್ತಿಗೇ ಇಳಿದರು. ರಾಯ್ ಥಾಮಸ್ 1965ರಲ್ಲಿ ಮಾರ್ವೆಲ್ ಸೇರಿ, 1972ರಲ್ಲಿ ಲೀ ನಂತರ ಪ್ರಧಾನ ಸಂಪಾದಕರಾದರು. 1963ರಲ್ಲಿ 'ಫೆಂಟಾಸ್ಟಿಕ್ ಫೋರ್' ಹೊಗಳಿ ಪತ್ರ ಬರೆದ ನ್ಯೂಜೆರ್ಸಿಯ ಹುಡುಗ ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಕಾರರಾಗಿ ಲೋಕಪ್ರಸಿದ್ಧರಾದರು.

1988ರಲ್ಲಿ ಡಿಸಿ ಓದುಗರ ಅಭಿಪ್ರಾಯವನ್ನು ಟೆಲಿಫೋನಿನಲ್ಲಿ ಎಣಿಸಿತು. ಜಿಮ್ ಸ್ಟಾರ್ಲಿನ್ ಬರೆದ ಬ್ಯಾಟ್‌ಮ್ಯಾನ್ ಕಥೆಯಲ್ಲಿ ಅವನ ಜೊತೆಗಾರನಾದ ಎರಡನೇ ರಾಬಿನ್, ಜೇಸನ್ ಟಾಡ್, ಸಾಯಬೇಕೋ ಉಳಿಯಬೇಕೋ ಎಂಬ ಪ್ರಶ್ನೆಗೆ ಎರಡು ನಂಬರು, ಕರೆಗೆ 50 ಸೆಂಟ್, 36 ಗಂಟೆ ಗಡುವು. ಸಾವಿಗೆ 5,343 ಮತ, ಉಳಿವಿಗೆ 5,271. ಕೇವಲ 72 ಮತಗಳಿಂದ ಪಾತ್ರ ಸತ್ತಿತು. ಒಬ್ಬನೇ ಎಷ್ಟು ಸಲವಾದರೂ ಕರೆ ಮಾಡಬಹುದಿತ್ತು. ಪತ್ರದಲ್ಲಾದರೆ ಮೆಚ್ಚಿದ್ದಕ್ಕೂ ಬೈದದ್ದಕ್ಕೂ ಕಾರಣ ಕೊಡಬೇಕಾಗುತ್ತಿತ್ತು; ಇಲ್ಲಿ ಅದರ ಗೊಡವೆಯೇ ಇರಲಿಲ್ಲ.

ಚರ್ಚೆ ಅಂತರ್ಜಾಲಕ್ಕೆ ಸರಿದಂತೆ ತಿಂಗಳುಗಟ್ಟಲೆ ತಡವಾಗಿ ಅಚ್ಚಾಗುವ ಪತ್ರಕ್ಕೆ ಬೆಲೆ ಕುಗ್ಗಿತು. ಡಿಸಿ 2002ರಲ್ಲಿ ಅಂಕಣಗಳನ್ನು ನಿಲ್ಲಿಸಿತು. ಎರಿಕ್ ಲಾರ್ಸನ್‌ರ 'ಸ್ಯಾವೇಜ್ ಡ್ರ್ಯಾಗನ್'ನಂಥ ಕೆಲವು ಪುಸ್ತಕಗಳು ಆಮೇಲೂ ಪತ್ರಗಳನ್ನು ಪ್ರಕಟಿಸುತ್ತಾ ಬಂದವು.