ಮಡೆನೂರಿನ ಮುಳುಗಿದ ಅಣೆಕಟ್ಟು

ಸಾಗರದಿಂದ ಪಶ್ಚಿಮಾಭಿಮುಖವಾಗಿ ಹೊರಟು, ಹೊನ್ನೇಮರಡುವಿನಲ್ಲಿ ಶರಾವತಿಯ ಹಿನ್ನೀರಿನ ದಡದ ಮೇಲೆ ವಿಶ್ರಾಂತಿಗೆಂದು ತಂಗುವ ಪ್ರವಾಸಿಗಳು ಮರುದಿನ ಜೋಗವನ್ನು ಕಾಣಬಯಸುವುದು ಸಹಜವೇ ಸರಿ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 830 ಅಡಿಗಳ ಪ್ರಪಾತಕ್ಕೆ ಧುಮುಕುವ ಆ ಜಲರಾಶಿಯ ವೈಭವವನ್ನು ಬಣ್ಣಿಸಿದವರು ಅನೇಕರಿದ್ದಾರೆ. ಆದರೆ ಅದೇ ನದಿಗೆ ಅಡ್ಡಲಾಗಿ ಎದ್ದು, ಈಗ ವರ್ಷದ ಬಹುಭಾಗ ನೀರಿನೊಳಗೇ ಅಡಗಿರುವ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನು ನೆನೆಯುವವರು ವಿರಳ.

ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯು ಮಳೆಗಾಲದಲ್ಲಿ ಎಷ್ಟು ಉನ್ಮತ್ತಳೋ ಬೇಸಗೆಯಲ್ಲಿ ಅಷ್ಟೇ ಕೃಶಳು. ಜೋಗದಲ್ಲಿ ವರ್ಷವಿಡೀ ವಿದ್ಯುತ್ತನ್ನು ಪಡೆಯಬೇಕಾದರೆ ಮಳೆಯ ನೀರನ್ನು ಮೇಲ್ಗಡೆ ಹಿಡಿದಿಡದೆ ಗತ್ಯಂತರವಿರಲಿಲ್ಲ. 1948ರಲ್ಲಿ ಕಾರ್ಯಾರಂಭ ಮಾಡಿ ಕ್ರಮೇಣ 120 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ, ಇಂದು ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತಿರುವ ವಿದ್ಯುದಾಗಾರಕ್ಕೆ ನೀರುಣಿಸಿದ್ದು ಹಿರೇಭಾಸ್ಕರದ ಜಲಾಶಯವೇ.

ಈ ಅಣೆಕಟ್ಟಿನ ನಿಜವಾದ ಸೊಗಸಿರುವುದು ಹೆಚ್ಚುವರಿ ನೀರನ್ನು ಹೊರಬಿಡುವ ಸೈಫನ್‌ಗಳಲ್ಲಿ. ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿ, ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿಯೂ ಅಳವಡಿಸಲಾದ ಈ ವ್ಯವಸ್ಥೆಯಲ್ಲಿ, ಆಲಿಕೆಯಂಥ ಬಾಯಿಯ ಮೇಲೊಂದು ಗುಮ್ಮಟವಿರುತ್ತದೆ. ಜಲಮಟ್ಟವು ಬಾಯಿಯ ಅಂಚನ್ನು ಮೀರಿದೊಡನೆ ಒಳಗಿಳಿಯುವ ನೀರು ಸುರುಳಿಯಾದ ಏಣುಗಳ ಗುಂಟ ಸುಳಿಗೊಂಡು, ಗುಮ್ಮಟದ ಗಾಳಿಯನ್ನು ತನ್ನೊಡನೆ ಸೆಳೆದೊಯ್ಯುತ್ತದೆ. ಹಾಗೆ ಉಂಟಾದ ನಿರ್ವಾತವು ಪ್ರವಾಹವನ್ನು ಪೂರ್ಣವೇಗದಿಂದ ಎಳೆದು ಹೊರದೂಡುತ್ತದೆ. ಮಟ್ಟವಿಳಿದಾಗ ಗಾಳಿ ಒಳನುಗ್ಗಿ ಹರಿವು ತಾನಾಗಿಯೇ ನಿಲ್ಲುತ್ತದೆ. ಎತ್ತಲು ಬಾಗಿಲಿಲ್ಲ, ಯಂತ್ರವಿಲ್ಲ, ನಡುರಾತ್ರಿ ಕಾಯುವ ಕಾವಲುಗಾರನ ಹಂಗೂ ಇಲ್ಲ. ಪ್ರಕೃತಿಯ ನಿಯಮವೊಂದನ್ನೇ ನಂಬಿ ಮಹಾಪೂರಕ್ಕೆ ದಾರಿ ಬಿಟ್ಟುಕೊಟ್ಟ ಆ ಧೀಮಂತಿಕೆಯು ನನ್ನ ಕಣ್ಣಿಗೆ ನಮ್ಮ ನಾಡಿನ ಶಿಲ್ಪವೈಭವಕ್ಕೆ ಯಾವ ವಿಧದಲ್ಲಿಯೂ ಕಡಿಮೆಯದಲ್ಲ.

ಆದರೆ ಬೆಳೆಯುತ್ತಿದ್ದ ರಾಜ್ಯದ ವಿದ್ಯುತ್ ಬೇಡಿಕೆಗೆ ಈ ಜಲಾಶಯ ಸಾಲದಾಯಿತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿಯ ಬೃಹತ್ ಅಣೆಕಟ್ಟು ಸಿದ್ಧವಾಗಲು ಅದರ ಹಿನ್ನೀರು ಹಿರೇಭಾಸ್ಕರವನ್ನು ಸುತ್ತಲಿನ ಹಳ್ಳಿ, ಗದ್ದೆ, ಅಡಕೆತೋಟಗಳೊಡನೆ ಮುಚ್ಚಿಕೊಂಡಿತು. ಕಡುಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಗುಮ್ಮಟಗಳು ಇಂದಿಗೂ ಮೇಲೆದ್ದು ಕಾಣುತ್ತವೆ. ಅಷ್ಟು ದಶಕಗಳ ಜಲವಾಸವೂ ಅವುಗಳ ಕಟ್ಟಡವನ್ನು ಕರಗಿಸಲಾರದೆ ಹೋಗಿದೆ.

ಅವನ್ನು ನೋಡಹೋಗುವವರು ನೀರಿನಾಚೆಯ ಕರೂರು, ಬಾರಂಗಿ ಸೀಮೆಗಳ ಕಡೆಗೂ ಕಣ್ಣು ಹಾಯಿಸಬೇಕು. ನಾಡಿಗೆ ಬೆಳಕು ಕೊಡಲು ನೆಲವನ್ನು ಬಿಟ್ಟುಕೊಟ್ಟ ಸಂತ್ರಸ್ತರಲ್ಲಿ ಅನೇಕರು ತಮಗೆ ದೊರೆತ ಭೂಮಿಯ ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿರುವುದು ನಮ್ಮ ಸಮಾಜದ ದೊಡ್ಡ ಋಣಬಾಕಿ. ಆಸ್ಪತ್ರೆಗೂ ಸಂತೆಗೂ ಹೊಳೆಬಾಗಿಲಿನ ಲಾಂಚನ್ನೇ ಕಾಯುತ್ತಿದ್ದ ಹಿನ್ನೀರಿನಿಂದ ದ್ವೀಪದಂತಾದ ಆ ಸೀಮೆಗಳ ಜನರಿಗೆ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳನ್ನು ಕೂಡಿಸುವ ಸೇತುವೆ ದೊರೆತದ್ದು 2025ರ ಜುಲೈ ತಿಂಗಳಿನಲ್ಲಿ.